ಸಕ್ಕರೆ ಇಲ್ಲದ ಕಿತ್ತಳೆ ಚಿಕನ್

ಡಿಪೋದ ಡಾಕ್ಟರು ನನ್ನ ಮಗನಿಗೆ ಮೂರು ತಿಂಗಳ ಗಡುವು ಕೊಟ್ಟರು. ಅಷ್ಟರೊಳಗೆ ರಕ್ತದ ಸಕ್ಕರೆ ಇಳಿಯಬೇಕು. ಇಳಿಯದಿದ್ದರೆ ಇನ್ಸುಲಿನ್ ಸೂಜಿ. ಸೂಜಿ ಶುರುವಾದವನ ಕೈಗೆ ಬಸ್ಸು ಕೊಡುವುದಿಲ್ಲ ಎನ್ನುವುದು ಅಲ್ಲಿನ ನಿಯಮ. ಹತ್ತೊಂಬತ್ತು ವರ್ಷ ಇಪ್ಪತ್ತೇಳನೇ ನಂಬರಿನ ಬಸ್ಸನ್ನು ಒಂದು ಗೀರೂ ಬೀಳದಂತೆ ಓಡಿಸಿದವನು ಅವನು. ಊಟದ ಮೇಜಿಗೆ ಕೂತು ಆ ಚೀಟಿಯನ್ನು ನಮಗೆಲ್ಲ ಓದಿ ಹೇಳಿದ, ಮಡಚಿ ಜೇಬಿಗಿಟ್ಟ, ಆಮೇಲೆ ಮಗಳ ತಟ್ಟೆಯಿಂದ ಒಂದು ತುಂಡು ಚಿಕನ್ ಎತ್ತಿ ಬಾಯಿಗೆ ಹಾಕಿಕೊಂಡ.

"ಅದನ್ನ ಕೆಳಗಿಡಿ," ಎಂದಳು ಸೊಸೆ.

"ಬಾಯೊಳಗೆ ಹೋಯ್ತಲ್ಲೇ."

"ಹೋಗಿದ್ದು ಹೋಯ್ತು. ಇದೇ ಕೊನೇದು."

ಆ ಚಿಕನ್ನಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಮನೆಯ ರಂಪ ಯಾರಿಗೂ ಅರ್ಥವಾಗುವುದಿಲ್ಲ. ಡಿಪೋದ ಎದುರಿಗೆ ಒಂದು ಚೈನೀಸ್ ಅಂಗಡಿಯಿದೆ. ಕೂತು ತಿನ್ನಲು ಜಾಗವಿಲ್ಲ. ಕಿಟಕಿಗೆ ಕೈ ಚಾಚಿ ಕಾಗದದ ಡಬ್ಬಿ ಈಸಿಕೊಂಡು ಹೊರಡಬೇಕು. ಕೋಳಿಯ ತುಂಡುಗಳಿಗೆ ಮೊಟ್ಟೆ, ಕಾರ್ನ್‌ಫ್ಲೋರ್ ಬಳಿದು, ಎಣ್ಣೆಯಲ್ಲಿ ಮುಳುಗಿಸಿ ಕರಿದು, ಕಿತ್ತಳೆ ರಸ, ವಿನೆಗರ್, ಸೋಯಾ ಸಾಸ್, ಒಣಮೆಣಸಿನಕಾಯಿಯ ಜೊತೆ ಕೈತುಂಬ ಸಕ್ಕರೆ ಸುರಿದು ಕುದಿಸಿದ ಅಂಟಿನಲ್ಲಿ ಹೊರಳಿಸುತ್ತಾರೆ. ಮಗ ಮೊದಲ ಸಲ ಮನೆಗೆ ತಂದಾಗ, ಕೋಳಿಗೆ ಪಾಕ ಹಾಕಿದವರನ್ನು ಇವತ್ತೇ ಕಂಡೆ ಎಂದು ಮೂಗು ಮುರಿದಿದ್ದೆ. ಎರಡನೆಯ ಸಲ ತಂದಾಗ ಡಬ್ಬಿಯ ತಳ ಕೆರೆದವಳೂ ನಾನೇ. ಹಾಗಾಗಿ ದೂರುವ ಬಾಯಿ ನನಗಿಲ್ಲ. ಆದರೆ ನಮಗೆ ಅದು ವಾರಕ್ಕೊಮ್ಮೆ. ಅವನು ಆರು ವರ್ಷದಿಂದ ದಿನಾ ಮಧ್ಯಾಹ್ನ ಬಸ್ಸು ನಿಲ್ಲಿಸಿದ ಕೂಡಲೇ ಆ ಕಿಟಕಿಗೆ ಓಡುತ್ತಿದ್ದ.

"ಬೇರೆ ಏನು ಬೇಕಾದ್ರೂ ಬಿಡ್ತೀನಿ," ಎಂದ ಆ ದಿನ. "ಅದೊಂದನ್ನ ಬಿಡು ಅನ್ಬೇಡಿ."

"ಬಿಡ್ಬೇಡಿ," ಎಂದಳು ಸೊಸೆ. "ನಾನೇ ಮಾಡ್ಕೊಡ್ತೀನಿ. ಎಣ್ಣೆ ಇಲ್ದೆ, ಸಕ್ಕರೆ ಇಲ್ದೆ. ಆದ್ರೆ ಆ ಕಿಟಕಿ ಕಡೆ ತಲೆ ಹಾಕಿಯೂ ಮಲಗ್ಬಾರ್ದು."

"ಆಯ್ತು, ಮಾತು ಕೊಟ್ಟೆ."

ಸೊಸೆ ಪರದೆಗಳ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಒಂದು ಬೆರಳಗಲ ಹೆಚ್ಚುಕಮ್ಮಿಯಾದರೆ ಇಡೀ ಕಿಟಕಿಯ ಬಟ್ಟೆ ಹಾಳಾಗುವ ಕೆಲಸ. ಅಡುಗೆಮನೆಯಲ್ಲೂ ಅವಳದು ಅದೇ ಕಾರುಬಾರು. ಆ ಭಾನುವಾರ ಮೊಬೈಲನ್ನು ಗೋಡೆಗೆ ಒರಗಿಸಿಟ್ಟು, ಕೋಳಿಯ ಎದೆಭಾಗವನ್ನು ಗೆರೆ ಎಳೆದು ಕತ್ತರಿಸಿದವಳ ಹಾಗೆ ಒಂದೇ ಸಮ ತುಂಡು ಮಾಡಿದಳು. ಕಾರ್ನ್‌ಫ್ಲೋರ್ ಎರಡು ಚಮಚ, ಅದೂ ಚಾಕುವಿನಿಂದ ಮೇಲೆ ಸವರಿ ಸಮ ಮಾಡಿದ್ದು. ಎಣ್ಣೆ ಒಂದೇ ಚಮಚ. ಎರಡು ಕಿತ್ತಳೆ ಹಿಂಡಿದಳು, ಸಿಪ್ಪೆಯ ಮೇಲ್ಪದರವನ್ನು ತುರಿದಳು, ಶುಂಠಿ, ಬೆಳ್ಳುಳ್ಳಿ ಜಜ್ಜಿದಳು. ನಾನು ಬೀನ್ಸ್ ಸೋಸುತ್ತಾ ನೋಡುತ್ತಿದ್ದೆ.

"ಸಕ್ಕರೆ?" ಎಂದೆ.

"ಇಲ್ಲ ಅತ್ತೆ."

"ಒಂದು ಚಿಟಿಕೆನೂ?"

"ಚಿಟಿಕೆ ಅಂದ್ರೆ ಎಷ್ಟು ಗ್ರಾಂ ಹೇಳಿ, ಆಮೇಲೆ ನೋಡೋಣ."

ನಾನು ಬೀನ್ಸಿಗೆ ವಾಪಸಾದೆ. ಗಂಡ ಹೋದ ಮೇಲೆ ಈ ಮನೆಗೆ ಬಂದು ಎರಡು ವರ್ಷವಾಗಿತ್ತು. ನನಗೆ ಕೊಟ್ಟ ಕೋಣೆ ಮೊದಲು ಸೊಸೆಯ ಹೊಲಿಗೆ ಕೋಣೆ. ನಾನು ಬಂದ ದಿನ ಅವಳ ಯಂತ್ರ ಓಣಿಯಂಥ ಪಡಸಾಲೆಗೆ ಹೋಯಿತು. ಅದರ ಬಗ್ಗೆ ಅವಳು ಒಂದು ಮಾತೂ ಎತ್ತಿ ಆಡಲಿಲ್ಲ. ಬೇರೆ ಮಾತೂ ಆಡಲಿಲ್ಲ ಎನ್ನುವುದೇ ನನ್ನ ಸಂಕಟ. ಅತ್ತೆ ಊಟ, ಅತ್ತೆ ಮಾತ್ರೆ, ಅತ್ತೆ ಗ್ಯಾಸ್ ಆಫ್ ಮಾಡಿದ್ರಾ. ದಿನದ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು.

ತಟ್ಟೆಗೆ ಬಂದದ್ದು ನೋಡಲು ಚೆನ್ನಾಗಿಯೇ ಇತ್ತು. ಮೊದಲ ತುತ್ತಿಗೆ ಮೊಮ್ಮಗಳು ಬಾಯಿ ತೆರೆದಳು. ಹದಿಮೂರು ವರ್ಷದ ಹುಡುಗಿ; ರಾಗ ಎಳೆಯಲು ಶುರು ಮಾಡಿದರೆ ನಿಲ್ಲಿಸುವುದಿಲ್ಲವಾದ್ದರಿಂದ ಮನೆಯಲ್ಲಿ ಅವಳನ್ನು ಪಿಟೀಲು ಎನ್ನುತ್ತೇವೆ.

"ಅಜ್ಜೀ, ಇದು ಆಸ್ಪತ್ರೆ ಚಿಕನ್."

"ಸುಮ್ನೆ ತಿನ್ನು," ಎಂದೆ. ನನಗೂ ಹಾಗೇ ಅನ್ನಿಸಿತ್ತು.

ಮಗ ತುಂಬ ಹೊತ್ತು ಅಗಿದ. ಸೊಸೆ ಕೈಯಲ್ಲಿ ಸೌಟು ಹಿಡಿದು ಅವನ ಬಾಯನ್ನೇ ನೋಡುತ್ತಿದ್ದಳು.

"ಚೆನ್ನಾಗಿದೆ," ಎಂದ.

"ನಿಜ ಹೇಳಿ."

"ಚೆನ್ನಾಗಿದೆ ಅಂದ್ನಲ್ಲ. ಸ್ವಲ್ಪ ನೀರು ಕೊಡು."

ಸೋಮವಾರದಿಂದ ದಿನಚರಿ ಶುರುವಾಯಿತು. ಸೊಸೆ ಆರು ಗಂಟೆಗೆ ಎದ್ದು ಚಿಕನ್ನೂ ಸಾಸೂ ಮಾಡಿ, ಎರಡನ್ನೂ ಬೇರೆ ಬೇರೆ ಮುಚ್ಚಿಟ್ಟು ಎಂಟಕ್ಕೆ ಅಂಗಡಿಗೆ ಹೊರಡುವಳು. ಎಂಟೂ ಮುಕ್ಕಾಲಿಗೆ ಪಿಟೀಲು ಶಾಲೆಗೆ. ಮಗನದು ಹನ್ನೊಂದರ ಪಾಳಿ. ಹತ್ತಕ್ಕೆ ನಾನು ಸಾಸು ಬಿಸಿ ಮಾಡಿ, ಚಿಕನ್ ಹೊರಳಿಸಿ, ಪಕ್ಕದಲ್ಲಿ ಹಿಡಿ ಅನ್ನ, ಬೇಯಿಸಿದ ತರಕಾರಿ ತುಂಬಿ ಸ್ಟೀಲ್ ಡಬ್ಬಿ ಕಟ್ಟಿಕೊಡಬೇಕು. ಮೊದಲ ನಾಲ್ಕು ದಿನ ಡಬ್ಬಿ ಅರ್ಧ ತುಂಬಿಯೇ ವಾಪಸು ಬಂತು. ಸಂಜೆ ಸೊಸೆ ಮುಚ್ಚಳ ತೆಗೆದು ನೋಡುವಳು, ಮತ್ತೆ ಮುಚ್ಚುವಳು. ಮಗನ ಮುಖ ಸೊರಗಿತು, ಸೊಂಟದ ಬೆಲ್ಟು ಒಂದು ತೂತು ಒಳಗೆ ಹೋಯಿತು. ಬೆಲ್ಟು ಒಳಗೆ ಹೋಗುವುದೇ ಒಳ್ಳೆಯದು ಎಂದು ಸೊಸೆ ಹೇಳಿದಳು. ಅವಳ ಮಾತು ಸರಿಯೇ ಇತ್ತು.

ಐದನೆಯ ದಿನ ಅವನು ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದ. ಒಂದೇ ಗಂಟನ್ನು ಎರಡು ಸಲ ಬಿಚ್ಚಿ ಕಟ್ಟಿದ.

"ತಲೆ ಸುತ್ತುತ್ತಾ?" ಎಂದೆ.

"ಇಲ್ಲಮ್ಮ. ಹಸಿವು ಅಷ್ಟೆ."

ನಲವತ್ತಾರು ವರ್ಷದ ಮಗನ ಬಾಯಲ್ಲಿ ಆ ಮಾತು ಕೇಳಿ ಯಾವ ತಾಯಿ ಕೈಕಟ್ಟಿ ಕೂರುತ್ತಾಳೆ? ಕೂರಬೇಕಿತ್ತು. ನಾನು ಕೂರಲಿಲ್ಲ. ಒಳಗೆ ಹೋಗಿ ಜೇನಿನ ಬಾಟಲಿ ತೆಗೆದೆ. ಜೇನು ಸಕ್ಕರೆಯಲ್ಲವಲ್ಲ, ಹೂವಿನದು, ಕೆಮ್ಮಿಗೆ ಮಕ್ಕಳಿಗೂ ಕೊಡುತ್ತೇವೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಒಂದು ಚಮಚ ಸಾಸಿಗೆ ಬಿಟ್ಟು ಕಲಕಿದೆ. ಬಾಟಲಿಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ತಪ್ಪಲ್ಲ ಎಂದು ಅಷ್ಟು ಖಾತ್ರಿಯಿದ್ದವಳು ಬಚ್ಚಿಡುವುದೇಕೆ?

ಆ ಸಂಜೆ ಡಬ್ಬಿ ತೊಳೆದಿಟ್ಟಷ್ಟು ಖಾಲಿ. ಸೊಸೆ ಮುಚ್ಚಳ ತೆಗೆದವಳು ಬೆಳಕಿಗೆ ಹಿಡಿದು ನೋಡಿದಳು.

"ಯಾರಿಗಾದ್ರೂ ಕೊಟ್ರಾ?"

"ನಾನೇ ತಿಂದೆ. ಇವತ್ತು ಅಂಗಡಿದಕ್ಕಿಂತ ಚೆನ್ನಾಗಿತ್ತು ಕಣೇ. ಸಕ್ಕರೆ ಇಲ್ದೆ ಅಷ್ಟು ರುಚಿ ಹೇಗೆ ಬಂತು?"

"ಕಿತ್ತಳೆ ಸಿಪ್ಪೆ," ಎಂದಳು ಸೊಸೆ. ಕಿವಿಯವರೆಗೂ ಕೆಂಪಾಗಿದ್ದಳು. ಪಿಟೀಲು ತಲೆ ಬಗ್ಗಿಸಿ ಪುಸ್ತಕ ಓದುತ್ತಿದ್ದಳು. ನಾನು ನೆಲ ಒರೆಸಲು ಎದ್ದೆ.

ಅಲ್ಲಿಂದ ಮುಂದಿನ ಹತ್ತು ಹನ್ನೊಂದು ವಾರಗಳಷ್ಟು ಒಳ್ಳೆಯ ದಿನಗಳನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ. ಮಗ ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯತೊಡಗಿದ. ಡಬ್ಬಿಯ ಒಂದು ತುಂಡಿಗಾಗಿ ಬೇರೆ ಡ್ರೈವರುಗಳು ಕೈ ಚಾಚುತ್ತಾರೆ, ನಿನ್ನ ಹೆಂಡ್ತಿ ಅಂಗಡಿ ತೆಗೀಲಿ ಎನ್ನುತ್ತಾರೆ ಎಂದು ಬಂದು ಹೇಳುವನು. ಸೊಸೆ, ನಿಮ್ಮ ಮಾತು ಸಾಕು ಎನ್ನುವಳು, ಮರುದಿನ ಕಿತ್ತಳೆ ಇನ್ನೊಂದು ಹೆಚ್ಚು ತರುವಳು. ಮೂರನೆಯ ವಾರ ಒಂದು ಸಂಜೆ ಅವಳು ನನ್ನ ಮಂಚದ ತುದಿಗೆ ಬಂದು ಕೂತಳು. ಎರಡು ವರ್ಷದಲ್ಲಿ ಅದು ಮೊದಲ ಸಲ.

"ಅತ್ತೆ, ನಿಮ್ಮ ಕಿಟಕೀಲಿ ಬೆಳಿಗ್ಗೆ ಬಿಸಿಲು ಕಣ್ಣಿಗೆ ಹೊಡೆಯತ್ತೆ ಅಲ್ವಾ? ಒಂದು ಪರದೆ ಹೊಲೀತೀನಿ. ಬಣ್ಣ ನೀವೇ ಹೇಳಿ."

"ಯಾವ್ದಾದ್ರೂ ಆಗತ್ತೆ ಕಣಮ್ಮ."

"ಯಾವ್ದಾದ್ರೂ ಅಂತ ಬಟ್ಟೆ ಸಿಗಲ್ಲ. ಹೇಳಿ."

"ನೀಲಿ," ಎಂದೆ.

ಈಗ ಹೇಗೆ ನಿಲ್ಲಿಸಲಿ? ಜೇನು ನಿಲ್ಲಿಸಿದರೆ ಡಬ್ಬಿ ಅರ್ಧ ವಾಪಸು ಬರುತ್ತದೆ, ಅವಳ ಮುಖ ಮತ್ತೆ ಬಾಡುತ್ತದೆ, ಮಗ ಮತ್ತೆ ಮೆಟ್ಟಿಲ ಮೇಲೆ ಕೂತು ಹಸಿವು ಅನ್ನುತ್ತಾನೆ. ನಿಲ್ಲಿಸುವ ಬದಲು ಎರಡನೆಯ ಚಮಚ ಸೇರಿಸಿದೆ. ಒಮ್ಮೆ ಸಾಸನ್ನು ನಾಲಿಗೆಗೆ ಹಚ್ಚಿ ನೋಡಿದಾಗ ಹಲ್ಲು ಜುಮ್ಮೆನ್ನುವಷ್ಟು ಸಿಹಿಯಿತ್ತು. ಎರಡೇ ಚಮಚಕ್ಕೆ ಇಷ್ಟೊಂದೇ ಎಂದು ಒಂದು ಗಳಿಗೆ ನಿಂತೆ. ಜೇನು ಒಳ್ಳೆಯ ಜಾತಿಯದು ಅಂದುಕೊಂಡು ಡಬ್ಬಿ ಮುಚ್ಚಿದೆ. ನನ್ನ ಬುದ್ಧಿಗೆ ಇಷ್ಟು.

ಬೆರಳು ಚುಚ್ಚಿ ಸಕ್ಕರೆ ನೋಡುವ ಪುಟ್ಟ ಯಂತ್ರವನ್ನು ಡಾಕ್ಟರು ಕೊಂಡುಕೊಳ್ಳಲು ಹೇಳಿದ್ದರು. ಅದು ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ. ನಲವತ್ತು ಅಡಿ ಬಸ್ಸನ್ನು ಹಿಮ್ಮುಖವಾಗಿ ಗಲ್ಲಿಯೊಳಗೆ ತರುವ ನನ್ನ ಮಗನಿಗೆ ಸೂಜಿ ಎಂದರೆ ಚಿಕ್ಕಂದಿನಿಂದ ಪ್ರಾಣಭಯ.

"ಒಂದ್ಸಲ ನೋಡ್ಕೊಳ್ರೀ," ಎಂದಳು ಸೊಸೆ ಒಂದು ದಿನ.

"ಪರೀಕ್ಷೆ ದಿನ ಹೇಗೂ ಚುಚ್ತಾರೆ. ಎರಡೆರಡು ಸಲ ಯಾಕೆ?"

ಅವಳು ಹಟ ಹಿಡಿಯಲಿಲ್ಲ. ಎಲ್ಲದಕ್ಕೂ ಹಟ ಹಿಡಿಯುವವಳು ಇದಕ್ಕೇಕೆ ಸುಮ್ಮನಾದಳೆಂದು ನಾನು ಯೋಚಿಸಲಿಲ್ಲ, ಬದುಕಿದೆ ಅಂದುಕೊಂಡೆ.

ಹನ್ನೆರಡನೆಯ ವಾರ ರಕ್ತ ಕೊಟ್ಟು ಬಂದ. ಎರಡು ದಿನ ಬಿಟ್ಟು ಫಲಿತಾಂಶಕ್ಕೆ ಹೋದ. ಸಂಜೆ ಆರಕ್ಕೆ ಬಾಗಿಲು ತಟ್ಟಿದ ಶಬ್ದಕ್ಕೆ ನಾನೇ ಹೋಗಿ ತೆಗೆದೆ. ಕೈಯಲ್ಲಿ ಚೈನೀಸ್ ಅಂಗಡಿಯ ನಾಲ್ಕು ಕಾಗದದ ಡಬ್ಬಿಗಳಿದ್ದವು. ಒಳಗೆ ಬಂದು ಮೇಜಿನ ಮೇಲೆ ಒಬ್ಬೊಬ್ಬರ ಜಾಗಕ್ಕೂ ಒಂದೊಂದು ಡಬ್ಬಿ ಇಟ್ಟ.

"ಏನ್ರೀ ಇದು?" ಸೊಸೆ ಒದ್ದೆ ಕೈಯಲ್ಲೇ ಬಂದಳು.

"ತಿನ್ನಿ."

"ಎಷ್ಟು ಬಂತು?"

"ಮೂರು ತಿಂಗಳ ಸಕ್ಕರೆ ಸರಾಸರಿ ಏಳರೊಳಗೆ ಬರ್ಬೇಕಿತ್ತು. ಮೊದ್ಲು ಎಂಟೂವರೆ ಇತ್ತು. ಈಗ ಒಂಬತ್ತೂ ಕಾಲು." ಕುರ್ಚಿ ಎಳೆದು ಕೂತ. "ನಾಳೆಯಿಂದ ಸೂಜಿ. ಬಸ್ಸಿನ ಬೀಗದಕೈ ಇವತ್ತೇ ಈಸ್ಕೊಂಡ್ರು."

ಅವನು ತನ್ನ ಡಬ್ಬಿ ಬಿಚ್ಚಿದ.

"ಹನ್ನೆರಡು ವಾರ ಆ ಅಂಗಡಿ ವಾಸನೆ ಮೂಗಿಗೆ ಬೀಳ್ಬಾರ್ದು ಅಂತ ಹಿಂದಿನ ಗೇಟಿಂದ ಸುತ್ತು ಹಾಕಿ ಒಳಗೆ ಹೋಗ್ತಿದ್ದೆ. ಒಂದು ಬಿಸ್ಕತ್ತೂ ಮುಟ್ಲಿಲ್ಲ. ಡಾಕ್ಟ್ರು ಏನಂದ್ರು ಗೊತ್ತಾ? ಸುಳ್ಳು ಹೇಳ್ಬೇಡಪ್ಪ, ಏನು ತಿಂದೆ ಅಂತ ನಿನಗೇ ಗೊತ್ತು ಅಂದ್ರು. ಅವಳು ಆರು ಗಂಟೆಗೆ ಎದ್ದು ಮಾಡ್ತಾಳೆ ಸಾರ್, ಅದನ್ನೇ ತಿಂದಿದೀನಿ ಅಂದೆ. ನಕ್ಕರು." ಒಂದು ತುಂಡು ಬಾಯಿಗಿಟ್ಟುಕೊಂಡ. "ನನ್ನ ದೇಹವೇ ಹೀಗೆ. ಪಥ್ಯ ಮಾಡಿದ್ರೂ ಒಂದೇ, ಬಿಟ್ರೂ ಒಂದೇ. ಇನ್ಮೇಲೆ ಹೇಗಾಗತ್ತೋ ಆಗ್ಲಿ. ನೀನೂ ಬೆಳಿಗ್ಗೆ ಏಳ್ಬೇಡ ಕಣೇ."

ನಾನು ಬಾಯಿಗೆ ಬೀಗ ಹಾಕಿಕೊಂಡು ಕೂರಬಹುದಿತ್ತು. ಕೂತಿದ್ದರೆ ಅವನು ಆ ಡಬ್ಬಿ ಮುಗಿಸುತ್ತಿದ್ದ, ನಾಳೆ ಇನ್ನೊಂದು ತರುತ್ತಿದ್ದ. ತನ್ನ ದೇಹವನ್ನೇ ಬೈದುಕೊಂಡು ಕಣ್ಣೋ ಕಾಲೋ ಹೋಗುವವರೆಗೂ ತಿನ್ನುತ್ತಿದ್ದ.

"ನಾನು ಜೇನು ಹಾಕ್ತಿದ್ದೆ ಕಣೋ," ಎಂದೆ.

"ಏನು?"

"ನಿನ್ನ ಡಬ್ಬಿಗೆ. ದಿನಾ ಎರಡು ಚಮಚ. ನೀನು ಹಸಿವು ಅಂದೆಯಲ್ಲ, ಆವತ್ತಿಂದ."

ಸೊಸೆ ನನ್ನ ಕಡೆ ತಿರುಗಿದ ರೀತಿಗೆ ನಾನು ಗೋಡೆಗೆ ಒರಗಿದೆ.

"ನನ್ನ ಹನ್ನೆರಡು ವಾರ ಮಣ್ಣುಪಾಲು ಮಾಡಿದ್ರಲ್ಲ ಅತ್ತೆ. ಬೆಳಿಗ್ಗೆ ಕಣ್ಣು ಬಿಡಕ್ಕಾಗದೆ ಇದ್ರೂ ಎದ್ದು ಅಳೆದು ಸುರಿದು ಮಾಡಿಟ್ಟು ಹೋಗ್ತಿದ್ದೆ. ನನ್ನ ಹಿಂದೆ ಇದಾ ನೀವು ಮಾಡ್ತಿದ್ದಿದ್ದು? ಅವರ ಕೆಲಸ ಹೋಯ್ತು, ಗೊತ್ತಾಯ್ತಾ ನಿಮಗೆ?"

"ಗೊತ್ತಾಯ್ತಮ್ಮ."

"ಏನು ಗೊತ್ತಾಯ್ತು? ಜೇನು ಅಂದ್ರೆ ಸಕ್ಕರೆ ಅನ್ನೋದಾದ್ರೂ ಗೊತ್ತಾ?"

"ಅಮ್ಮ," ಎಂದಳು ಪಿಟೀಲು. ಅವಳ ದನಿಯಲ್ಲಿ ರಾಗವಿರಲಿಲ್ಲ. "ಅಜ್ಜೀನ ಬೈಬೇಡ. ನಾನೂ ಹಾಕ್ತಿದ್ದೆ."

"ನೀನು ಏನು ಹಾಕಿದೆ?"

"ಅಂಗಡಿ ಸಾಸು. ಮೊದ್ಲೆಲ್ಲ ಡಬ್ಬಿ ಜೊತೆ ಕೊಡ್ತಿದ್ದ ಪೊಟ್ಟಣ ಇರ್ತಿತ್ತಲ್ಲ, ಡ್ರಾಯರ್ ತುಂಬ ಇತ್ತು. ಅಜ್ಜಿ ಸ್ನಾನಕ್ಕೆ ಹೋದಾಗ ಎರಡೆರಡು ಹಿಂಡ್ತಿದ್ದೆ. ಅಪ್ಪ ಅರ್ಧ ಬಿಟ್ಟು ಬಂದ ದಿನ ನೀನು ಬಚ್ಚಲುಮನೇಲಿ ಅಳ್ತಿದ್ದೆ, ಅದಕ್ಕೆ."

ಸೊಸೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಹುಡುಗಿಗೆ ಅಲ್ಲಿಗೇ ನಿಲ್ಲಿಸುವುದು ಗೊತ್ತಾಗಲಿಲ್ಲ.

"ನೀನೂ ಹಾಕ್ತಿದ್ದೆಯಲ್ಲಮ್ಮ. ಒಂದಿನ ನೀರು ಕುಡಿಯಕ್ಕೆ ಎದ್ದಾಗ ನೋಡಿದೆ. ಸಕ್ಕರೆ. ನೀನೇ ಹಾಕ್ತಿದೀಯ ಅಂದ್ರೆ ಪರವಾಗಿಲ್ಲ ಅಂದ್ಕೊಂಡೆ."

ನಾನು ಸೊಸೆಯ ಮುಖ ನೋಡಲಿಲ್ಲ. ಅವಳ ಕೈ ನೋಡಿದೆ. ಮೇಜಿನ ಅಂಚನ್ನು ಬೆರಳಿನಿಂದ ಅಳೆಯುತ್ತಿರುವ ಹಾಗೆ ಅತ್ತಿಂದಿತ್ತ ಸವರುತ್ತಿದ್ದಳು.

"ಹತ್ತು ಗ್ರಾಂ," ಎಂದಳು ಕೊನೆಗೆ. "ಡಬ್ಬಿ ಅರ್ಧ ವಾಪಸು ಬಂದ್ಮೇಲೆ ಶುರು ಮಾಡಿದ್ದು. ವಾರಕ್ಕೆ ಎರಡೆರಡು ಗ್ರಾಂ ಕಮ್ಮಿ ಮಾಡ್ತಾ ಹೋಗ್ಬೇಕು ಅಂತಿದ್ದೆ. ಅಭ್ಯಾಸ ಆಗ್ಲಿ ಅಂತ. ಆಮೇಲೆ ನೀವು ಅಷ್ಟು ಖುಷಿಯಾಗಿ ತಿಂತಿದ್ರಿ... ಕಮ್ಮಿ ಮಾಡಕ್ಕೆ ಕೈ ಬರ್ಲಿಲ್ಲ."

ಮಗ ಮೂವರನ್ನೂ ಸರದಿಯ ಪ್ರಕಾರ ನೋಡಿದ. ಕೂಗಾಡುತ್ತಾನೆ ಎಂದು ಕಾದೆ. ಕೂಗಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ತನ್ನ ಕಾಗದದ ಡಬ್ಬಿಯ ಕಿವಿಗಳನ್ನು ಒಂದೊಂದಾಗಿ ಒಳಗೆ ಮಡಚಿ ಮುಚ್ಚಿದ.

"ಹಾಗಾದ್ರೆ ನನ್ನ ದೇಹದ್ದೇನೂ ತಪ್ಪಿಲ್ಲ," ಎಂದ. ಎದ್ದು ಕೈ ತೊಳೆಯಲು ಹೋದ. ನಲ್ಲಿಯ ಹತ್ತಿರದಿಂದ ಹೇಳಿದ, "ನಾಳೆಯಿಂದ ಡಬ್ಬಿ ನಾನೇ ಕಟ್ಕೋತೀನಿ. ಯಾರೂ ಮುಟ್ಬೇಡಿ."

ಮರುದಿನ ಡಿಪೋಗೆ ಹೋಗಿ ಸೊಸೆ ಎಲ್ಲ ಹೇಳಿ ನೋಡಿದಳು. ತಪ್ಪು ನಮ್ಮದು, ಅವರದಲ್ಲ, ಇನ್ನು ಮೂರು ತಿಂಗಳು ಕೊಡಿ ಎಂದು ಕೇಳಿಕೊಂಡಳು. ಮೇಜಿನ ಹಿಂದಿದ್ದ ಹೆಂಗಸು ಪಾಪ ಒಳ್ಳೆಯವಳೇ ಅಂತೆ. ಯಾರು ಹಾಕಿದ್ರು ಅಂತ ಬರೆಯೋಕೆ ಈ ಅರ್ಜೀಲಿ ಜಾಗ ಇಲ್ಲಮ್ಮ, ಎಷ್ಟು ಬಂತು ಅಂತ ಬರೆಯೋಕೆ ಮಾತ್ರ ಇದೆ ಅಂದಳಂತೆ. ಸೂಜಿ ಬಿಟ್ಟು ಒಂದು ವರ್ಷ ಸರಿಯಿದ್ದರೆ ಮತ್ತೆ ಕೇಳಬಹುದು. ಅಲ್ಲಿಯವರೆಗೆ ಬಸ್ಸು ತೊಳೆಯುವ ಅಂಗಳದಲ್ಲಿ ಕೆಲಸ. ಬೆಳಿಗ್ಗೆ ಏಳೂವರೆಗೆ ಹಾಜರಾಗಬೇಕು. ಇಪ್ಪತ್ತೇಳನೇ ನಂಬರನ್ನು ಈಗ ಬೇರೆ ಯಾರೋ ಓಡಿಸುತ್ತಾರೆ, ಪಾಳಿ ಮುಗಿದ ಮೇಲೆ ತೊಳೆಯಲು ಇವನ ಮುಂದೆ ತಂದು ನಿಲ್ಲಿಸುತ್ತಾರೆ.

ಸೊಸೆ ನನ್ನ ಜೊತೆ ಮತ್ತೆ ಮೊದಲಿನಂತಾದಳು. ಅತ್ತೆ ಊಟ, ಅತ್ತೆ ಮಾತ್ರೆ. ನಾನೂ ಹೂಂ ಎನ್ನುವೆ. ಅವಳನ್ನು ಬೈಯುವ ಹಕ್ಕು ನನಗಿಲ್ಲ, ನನ್ನನ್ನು ಬೈಯುವ ಹಕ್ಕು ಅವಳಿಗಿಲ್ಲ, ಹಕ್ಕಿದ್ದವನು ಬೈಯುತ್ತಿಲ್ಲ. ಪಿಟೀಲು ಡ್ರಾಯರಿನ ಪೊಟ್ಟಣಗಳನ್ನೆಲ್ಲ ಕಸಕ್ಕೆ ಸುರಿದು, ಅಪ್ಪನ ಸೂಜಿಯ ಹೊತ್ತಿಗೆ ಬಚ್ಚಲುಮನೆಯ ಬಾಗಿಲ ಹೊರಗೆ ನಿಂತಿರುತ್ತಾಳೆ. ಒಳಗಿಂದ ಅವನು, "ಆಯ್ತು ಪುಟ್ಟಿ, ಹೋಗು," ಎನ್ನುವವರೆಗೂ ಕದಲುವುದಿಲ್ಲ.

ಬೆಳಿಗ್ಗೆ ಆರಕ್ಕೆ ಈಗ ಏಳುವವನು ಮಗ. ತುಂಡುಗಳು ಒಂದು ದೊಡ್ಡದು, ಒಂದು ಚಿಕ್ಕದು. ಶುಂಠಿ ಸಿಪ್ಪೆಯ ಸಮೇತ ಬೀಳುತ್ತದೆ. ಸೊಸೆ ಬಾಗಿಲ ಹತ್ತಿರ ನಿಂತು ನೋಡುತ್ತಾಳೆ, ತಿದ್ದುವುದಿಲ್ಲ. ನಾನು ಸೌಟು ಕೊಡೋಣವೆಂದು ಒಂದು ಹೆಜ್ಜೆ ಒಲೆಯ ಕಡೆ ಇಟ್ಟರೂ ಸಾಕು, ಅವನ ಕೈ ತಾನಾಗಿ ಬಾಣಲೆಯ ಮುಚ್ಚಳಕ್ಕೆ ಹೋಗುತ್ತದೆ. ಬೇಕೆಂದೇ ಮಾಡುತ್ತಾನೋ ಗೊತ್ತಿಲ್ಲದೆ ಮಾಡುತ್ತಾನೋ, ಕೇಳುವ ಧೈರ್ಯ ನನಗಿಲ್ಲ.

ಮೊನ್ನೆ ಮಾತ್ರ ಅವನೇ ಕರೆದ. "ಬಾಮ್ಮ, ರುಚಿ ನೋಡು."

ಚಮಚದ ತುದಿಯಲ್ಲಿ ಒಂದು ತುಂಡು. ಬಾಯಿಗೆ ಹಾಕಿಕೊಂಡೆ. ಹುಳಿ, ಶುಂಠಿಯ ಖಾರ, ಬೆಂದ ಕೋಳಿ, ಮತ್ತೇನೂ ಇಲ್ಲ.

"ಹೇಗಿದೆ?"

ಒಂದು ಸಲವಾದರೂ ನಿಜ ಹೇಳೋಣ ಅನ್ನಿಸಿತು. "ಸಪ್ಪೆ ಕಣೋ."

"ಹೂಂ. ಮೊದ್ಲು ನಂಗೂ ಹಾಗೇ ಅನ್ನಿಸ್ತಿತ್ತು." ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದ. "ಈಗ ಅಭ್ಯಾಸ ಆಗ್ಹೋಯ್ತು. ಹದಿನೈದೇ ದಿನ ಬೇಕಾಗಿದ್ದು ಅಮ್ಮ."

ಚುಚ್ಚಬೇಕೆಂದು ಹೇಳಿದ್ದಲ್ಲ. ಆ ಬುದ್ಧಿ ಅವನಿಗೆ ಚಿಕ್ಕಂದಿನಿಂದ ಇಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿ, ಮೊಣಕಾಲುದ್ದದ ರಬ್ಬರ್ ಬೂಟು ಮೆಟ್ಟಿಕೊಂಡು ಬಸ್ಸು ತೊಳೆಯಲು ಹೊರಟ.